ಸ್ಟಾರ್ ಟ್ರೆಕ್‌ನ ‘ದಿ ಇನ್ನರ್ ಲೈಟ್’ ಮತ್ತೆ ನೋಡಿದೆ: ಆ ಕೊಳಲಿನ ಬಗ್ಗೆ ಮಾತಾಡೋಣ ಬನ್ನಿ

ತುಂಗೆಯ ದಂಡೆ:

ಮೊನ್ನೆ ಭಾನುವಾರ ಮಧ್ಯಾಹ್ನ ಮಗಳ ಜೊತೆ ಕೂತು ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್’ನ ಈ ಕಂತನ್ನ ಮತ್ತೆ ನೋಡಿದೆ. ಐದನೇ ಸೀಸನ್ನಿನ 25ನೇ ಕಂತು, ಅಮೆರಿಕದಲ್ಲಿ ಮೊದಲು ಬಂದದ್ದು 1992ರ ಜೂನ್ 1ರಂದು. ನಾನು ಮೊದಲ ಸಲ ನೋಡಿದಾಗ ಪಿಯುಸಿ ಓದ್ತಿದ್ದೆ, ಕೊನೆಯ ದೃಶ್ಯಕ್ಕೆ ಅತ್ತಿದ್ದೆ. ಈ ಸಲ ಗಂಟಲು ಕಟ್ಟಿದ್ದು ಬೇರೆ ಕಡೆ. ಅದಕ್ಕೇ ಬರೀತಿದ್ದೇನೆ.

ನೋಡದವರಿಗೆ ಕತೆ ಇಷ್ಟು. ಎಂಟರ್‌ಪ್ರೈಸ್ ಬಾಹ್ಯಾಕಾಶ ನೌಕೆಯ ಎದುರಿಗೆ ಎಲ್ಲಿಂದಲೋ ತೇಲಿಬಂದ ಒಂದು ಶೋಧಕ ಯಂತ್ರ ನಿಲ್ಲುತ್ತೆ. ಅದರಿಂದ ಹೊರಟ ಕಿರಣ ತಗುಲಿ ಕ್ಯಾಪ್ಟನ್ ಪಿಕಾರ್ಡ್ ಇದ್ದಲ್ಲೇ ಕುಸಿದು ಬೀಳ್ತಾನೆ. ಕಣ್ಣು ಬಿಟ್ಟರೆ ಕಟಾನ್ ಅನ್ನೋ ಗ್ರಹದ ರೆಸಿಕ್ ಎಂಬ ಊರಲ್ಲಿರ್ತಾನೆ. ಎದುರಿಗೆ ಎಲೀನ್ ಅನ್ನೋ ಹೆಂಗಸು, ‘ನಾನು ನಿನ್ನ ಹೆಂಡತಿ, ನಿನ್ನ ಹೆಸರು ಕಾಮಿನ್, ಜ್ವರ ಬಂದು ಮಲಗಿದ್ದೆ’ ಅಂತಾಳೆ. ಮೊದಲು ನಂಬೋದೇ ಇಲ್ಲ. ಐದು ವರ್ಷ ಕಳೆದರೂ ಆಕಾಶ ನೋಡ್ತಾ, ತಾನು ಬಂದ ಜಾಗ ಹುಡುಕ್ತಾ ಇರ್ತಾನೆ. ಆಮೇಲೆ ನಿಧಾನಕ್ಕೆ ಆ ಊರಿನವನೇ ಆಗ್ತಾನೆ. ಮಗಳು ಮೆರಿಬೋರ್ ಹುಟ್ಟುತ್ತಾಳೆ. ಮಗ ಹುಟ್ಟಿದಾಗ ತೀರಿಹೋದ ಗೆಳೆಯ ಬಟಾಯ್‌ನ ಹೆಸರಿಡ್ತಾನೆ. ಕೊಳಲು ಕಲೀತಾನೆ. ಹೆಂಡತಿ ಹೋಗ್ತಾಳೆ, ಮೊಮ್ಮಗ ಬರ್ತಾನೆ, ಮಳೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ ಊರೇ ಒಣಗುತ್ತೆ. ಹಣ್ಣು ಮುದುಕನಾದ ಮೇಲೆ ಒಂದು ರಾಕೆಟ್ ಹಾರಿಸೋದನ್ನ ನೋಡೋಕೆ ಮಕ್ಕಳು ಮೊಮ್ಮಗ ಅವನನ್ನ ಕರೆದುಕೊಂಡು ಹೋಗ್ತಾರೆ. ಅಲ್ಲಿ ಗೊತ್ತಾಗುತ್ತೆ: ಆ ರಾಕೆಟ್ಟಿನಲ್ಲಿರೋದೇ ನಮ್ಮ ಶೋಧಕ. ಕಟಾನ್ ಸುಟ್ಟುಹೋಗಿ ಸಾವಿರ ವರ್ಷ ಆಗಿದೆ. ಆ ಬದುಕೆಲ್ಲ ಶೋಧಕ ಅವನ ಮಿದುಳಿಗೆ ತುಂಬಿದ್ದು. ನೌಕೆಯಲ್ಲಿ ಪಿಕಾರ್ಡ್ ಎಚ್ಚರವಿಲ್ಲದೆ ಬಿದ್ದಿದ್ದದ್ದು ಬರೀ ಇಪ್ಪತ್ತೈದು ನಿಮಿಷ. ಕೊನೆಗೆ ಶೋಧಕದೊಳಗೆ ಒಂದು ಪೆಟ್ಟಿಗೆ ಸಿಗುತ್ತೆ, ಅದರಲ್ಲಿ ಅವನ ಕೊಳಲು.

ಈಗ ನನ್ನ ಮಾತು. ಎಲೀನ್ ಸಾಯೋ ಹೊತ್ತಿನಲ್ಲಿ ಗಂಡನಿಗೆ ಹೇಳೋ ಕೊನೇ ಮಾತು ಏನು ಗೊತ್ತಾ? ‘ಮರೀಬೇಡ, ಚಪ್ಪಲಿ ಎತ್ತಿಡು.’ ಅಷ್ಟೇ. ಪಿಯುಸಿಯಲ್ಲಿ ನೋಡಿದಾಗ ಆ ಮಾತು ಕಿವಿಗೇ ಬಿದ್ದಿರಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಬಿತ್ತು.

ಒಂದಿಡೀ ಜನಾಂಗ ನಾಶವಾಗೋದು ಗೊತ್ತಿದೆ. ಒಂದೇ ಒಂದು ಪುಟ್ಟ ಶೋಧಕಕ್ಕೆ ಜಾಗ ಇದೆ. ಯಾರು ಆಳಿದರು, ಯಾವ ಯುದ್ಧ ಗೆದ್ದರು, ಏನೇನು ಕಂಡುಹಿಡಿದರು ಅಂತ ತುಂಬಿಸಬಹುದಿತ್ತು. ಅವರು ಕಾಮಿನ್ ಅನ್ನೋ ಒಬ್ಬ ಕಮ್ಮಾರನ ಮನೆ ಕಳಿಸಿದರು. ಚಪ್ಪಲಿ ಎತ್ತಿಡು ಅನ್ನೋ ಗೊಣಗಾಟ, ಅಂಗಳಕ್ಕೆ ನೀರಿಲ್ಲದಿದ್ದರೂ ಊರ ಮಧ್ಯದ ಗಿಡಕ್ಕೆ ಹಾಕೋ ಒಂದು ಪಾತ್ರೆ ನೀರು, ನಾಮಕರಣದ ದಿನ ಅಪ್ಪ ಊದಿದ ಕೊಳಲು. ಇಡೀ ಟೀವಿ ಇತಿಹಾಸದಲ್ಲಿ ಇಷ್ಟು ದೊಡ್ಡ ಸಾವನ್ನ ಇಷ್ಟು ಸಣ್ಣ ದನಿಯಲ್ಲಿ ಹೇಳಿದ ಇನ್ನೊಂದು ಕತೆ ನಾನಂತೂ ನೋಡಿಲ್ಲ. ನಿಮಗೆ ಏನನ್ನಿಸುತ್ತೆ?

ನಕ್ಷತ್ರದ ಲೆಕ್ಕ:

ಮೇಡಂ, ಒಪ್ಪಿದೆ. 1993ರಲ್ಲಿ ಇದಕ್ಕೆ ವೈಜ್ಞಾನಿಕ ಕಲ್ಪನೆಯ ಕತೆಗಳಿಗೆ ಕೊಡೋ ಹ್ಯೂಗೋ ಪ್ರಶಸ್ತಿ ಬಂತು. 1968ರಲ್ಲಿ ಹಳೇ ಸ್ಟಾರ್ ಟ್ರೆಕ್‌ನ ‘ದ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ಗೆ ಬಂದ ಮೇಲೆ ಟೀವಿ ಧಾರಾವಾಹಿಯ ಒಂದು ಕಂತಿಗೆ ಆ ಪ್ರಶಸ್ತಿ ಸಿಕ್ಕಿದ್ದು ಇದಕ್ಕೇ.

ಆದರೆ ವಿಜ್ಞಾನ ಸ್ವಲ್ಪ ಜಾಳು, ಅದನ್ನೂ ಹೇಳಬೇಕು. ಕಟಾನಿನ ಸೂರ್ಯ ನೋವಾ ಆಯ್ತು ಅಂತಾರೆ. ನೋವಾ ಅಂದರೆ ಒಂದು ಶ್ವೇತಕುಬ್ಜ (ಉರಿದು ಮುಗಿದ ಸಣ್ಣ ನಕ್ಷತ್ರ) ಪಕ್ಕದ ನಕ್ಷತ್ರದಿಂದ ಹೈಡ್ರೋಜನ್ ಎಳೆದುಕೊಂಡು, ಅದು ಮೈಮೇಲೆ ಜಮೆಯಾಗಿ ಏಕಾಏಕಿ ಹೊತ್ತಿಕೊಳ್ಳೋದು. ಮೂವತ್ತು ನಲವತ್ತು ವರ್ಷ ಬಾವಿ ಒಣಗಿಸಿ, ಮಣ್ಣು ಸಾಯಿಸಿ, ಎಚ್ಚರಿಕೆ ಕೊಟ್ಟು ಬರೋ ಸಾವು ಅದಲ್ಲ. ನಮ್ಮ ಸೂರ್ಯನಂಥ ನಕ್ಷತ್ರ ಬಿಸಿಯಾಗೋದೂ ನೂರು ಕೋಟಿ ವರ್ಷಕ್ಕೆ ಶೇಕಡಾ 10ರಷ್ಟು. ಒಂದು ಮನುಷ್ಯನ ಆಯಸ್ಸಿನಲ್ಲಿ ಅದು ಕಾಣೋದಿಲ್ಲ.

ಇನ್ನೊಂದು. ರಾಕೆಟ್ ಹಾರಿಸೋದನ್ನ ಈಗಷ್ಟೇ ಕಲಿತ ಜನ. ಗುರುತೇ ಇಲ್ಲದ ಜೀವಿಯ ಮಿದುಳಿಗೆ ನಲವತ್ತು ವರ್ಷ ತುಂಬೋ ಯಂತ್ರ ಅವರ ಕೈಲಿ ಹೇಗೆ ಬಂತು? ನೌಕೆಯವರು ಆ ಕಿರಣವನ್ನ ತಡೆಯೋಕೆ ಹೋದಾಗ ಪಿಕಾರ್ಡ್ ಪ್ರಾಣವೇ ಹೋಗ್ತಿತ್ತು, ನೆನಪಿದೆಯಾ? ಅಷ್ಟು ಮುಂದುವರಿದ ಯಂತ್ರ ಕಟ್ಟಿದವರು ಒಂದಷ್ಟು ಜನರನ್ನಾದರೂ ಹೊರಗೆ ಸಾಗಿಸಬಹುದಿತ್ತು.

ಅಡ್ಡಪ್ರಶ್ನೆ:

ವಿಜ್ಞಾನ ಬಿಡಿ ಸರ್, ನನ್ನ ತಕರಾರು ಬೇರೆ. ಎಲ್ಲರೂ ಇದನ್ನ ಸುಂದರ ಅಂತಾರೆ, ನನಗೆ ಪ್ರತಿ ಸಲ ನೋಡಿದಾಗಲೂ ಸಿಟ್ಟು ಬರುತ್ತೆ. ಆ ಮನುಷ್ಯನನ್ನ ಯಾರಾದರೂ ಕೇಳಿದರಾ? ದಾರಿಯಲ್ಲಿ ಹೋಗ್ತಿದ್ದವನನ್ನ ಬೀಳಿಸಿ, ಹೆಂಡತಿ ಕೊಟ್ಟು, ಮಕ್ಕಳು ಕೊಟ್ಟು, ಅವರಿಗಾಗಿ ಜೀವ ಬಿಡೋ ಹಾಗೆ ಮಾಡಿ, ಆಮೇಲೆ ‘ಇದ್ಯಾವುದೂ ಈಗಿಲ್ಲ, ಎಲ್ಲರೂ ಸಾವಿರ ವರ್ಷದ ಹಿಂದೆ ಸತ್ತರು’ ಅಂತ ಎಬ್ಬಿಸಿದರು. ಒಂದೇ ಏಟಿಗೆ ಇಡೀ ಸಂಸಾರ ಕಳೆದುಕೊಂಡವನ ಸ್ಥಿತಿ ಅದು. ಮಕ್ಕಳು ಅಂದರೆ ಮಾರು ದೂರ ಹೋಗ್ತಿದ್ದ ಪಿಕಾರ್ಡ್, ಅಲ್ಲಿ ‘ಇವರಿಲ್ಲದ ಬದುಕು ಈಗ ಊಹೆಗೂ ಬರೋದಿಲ್ಲ’ ಅಂತಾನೆ. ಹಾಗೆ ಹೇಳಿಸಿ ಕಿತ್ತುಕೊಳ್ಳೋದು ಕ್ರೌರ್ಯ ಅಲ್ವಾ?

ಮುಂದಿನ ಕಂತಿನಲ್ಲಿ ಆತ ಮಾಮೂಲಿನಂತೆ ಆದೇಶ ಕೊಡ್ತಾ ಕೂತಿರ್ತಾನೆ. ಇದು ಅವನ ಬದುಕನ್ನೇ ಬುಡಮೇಲು ಮಾಡಬೇಕಿದ್ದ ಅನುಭವ, ಆಗ ನಮಗೆ ಅದು ಹೊಳೆಯಲಿಲ್ಲ ಅಂತ ಆ ಸರಣಿಯ ಬರಹಗಾರರಲ್ಲೇ ಒಬ್ಬರು ಆಮೇಲೆ ಒಪ್ಪಿಕೊಂಡಿದ್ದಾರೆ.

ರೇಡಿಯೋ ಕಿವಿ:

ಹೆಸರಿನ ಹಿಂದಿನ ಕತೆ ಇನ್ನೂ ಯಾರೂ ಹೇಳಲಿಲ್ಲ, ಹಾಗಾಗಿ ನಾನು ಬಂದೆ. ಕತೆ ಬರೆದ ಮಾರ್ಗನ್ ಜೆಂಡೆಲ್ ಈ ಹೆಸರನ್ನ ತಗೊಂಡಿದ್ದು ಬೀಟಲ್ಸ್‌ನವರ ಒಂದು ಹಾಡಿನಿಂದ. ಜಾರ್ಜ್ ಹ್ಯಾರಿಸನ್ ಬರೆದದ್ದು, 1968ರಲ್ಲಿ ‘ಲೇಡಿ ಮಡೋನ’ ಗ್ರಾಮಫೋನ್ ತಟ್ಟೆಯ ಹಿಂಬದಿಯಲ್ಲಿ ಬಂತು. ಸಾಹಿತ್ಯದ ಮೂಲ ಚೀನಾದ ಹಳೇ ಗ್ರಂಥ ದಾವ್ ದ ಜಿಂಗ್‌ನ 47ನೇ ಅಧ್ಯಾಯ: ಹೊಸಿಲು ದಾಟದೆಯೇ ಜಗತ್ತನ್ನ ತಿಳಿಯಬಹುದು ಅನ್ನೋ ಮಾತು. ಪಿಕಾರ್ಡ್ ನೆಲದ ಮೇಲಿಂದ ಕದಲದೆ ಒಂದು ಗ್ರಹವನ್ನೇ ಬಾಳಿ ಬರ್ತಾನಲ್ಲ, ಅದೇ.

ಇನ್ನು ಕೇಳಿ. ಆ ಹಾಡಿನ ವಾದ್ಯದ ಭಾಗ ಮುದ್ರಣವಾದದ್ದು 1968ರ ಜನವರಿಯಲ್ಲಿ, ನಮ್ಮ ಬೊಂಬಾಯಿಯ ಎಚ್‌ಎಂವಿ ಸ್ಟುಡಿಯೋದಲ್ಲಿ. ನುಡಿಸಿದವರೆಲ್ಲ ಇಲ್ಲಿನವರು. ಕೊಳಲು ಊದಿದವರಲ್ಲಿ ಹರಿಪ್ರಸಾದ್ ಚೌರಾಸಿಯಾ ಇದ್ದರು! ಇಪ್ಪತ್ತನಾಲ್ಕು ವರ್ಷದ ಮೇಲೆ ಅದೇ ಹೆಸರಿನ ಕಂತು ಬಂತು, ಅದರ ಜೀವಾಳವೂ ಒಂದು ಕೊಳಲೇ. ಇದು ಬೇಕಂತಲೇ ಮಾಡಿದ್ದೋ, ತಾನಾಗಿ ಕೂಡಿ ಬಂದದ್ದೋ, ನನಗಂತೂ ಮೈ ಜುಮ್ಮೆನ್ನುತ್ತೆ.

ಕಂತಿನ ಸಂಗೀತ ಜೇ ಚಾಟವೇ ಅವರದ್ದು. ಆಮೇಲೆ ಅದೇ ಧಾಟಿಯನ್ನ ಪೂರ್ತಿ ಆರ್ಕೆಸ್ಟ್ರಾಕ್ಕೆ ವಿಸ್ತರಿಸಿ ಬರೆದರು. ತೆರೆಯ ಮೇಲೆ ಕಾಣೋ ಕೊಳಲು ಬರೀ ಪ್ರಾಪ್, ಅದರಲ್ಲಿ ಸ್ವರ ಹೊರಡೋದಿಲ್ಲ. 2006ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಆ ಮೂಕ ಕೊಳಲು 48,000 ಡಾಲರಿಗೆ ಹೋಯಿತು.

ಆರು ತೂತಿನ ಕೊಳಲು:

ನಮಸ್ಕಾರ್ರೀ ಎಲ್ಲಾರಿಗೂ. ಧಾರವಾಡದಾವ, ಹದಿನಾರು ವರ್ಷ ಆತು ಬಾನ್ಸುರಿ ಕಲಿಯಾಕ ಹತ್ತಿ. ಹಂಗಾಗಿ ಈ ಎಪಿಸೋಡಿನ ಕಡೀ ದೃಶ್ಯ ನಾ ನೋಡೂದು ಸ್ವಲ್ಪ ಬ್ಯಾರೆ ಕಣ್ಣಿಲೆ.

ಪೆಟ್ಟಿಗಿ ತೆಗೀತಾನ, ಕೊಳಲ ತಗೋತಾನ, ಎದಿಗೆ ಒತ್ತಿ ಹಿಡಕೋತಾನ. ಆಮ್ಯಾಲೆ ಊದತಾನ. ಒಂದ ಸ್ವರಾ ತಪ್ಪಂಗಿಲ್ಲ. ಈಗ ವಿಚಾರ ಮಾಡ್ರಿ. ಅಂವ ಕೊಳಲ ಕಲತದ್ದು ರೆಸಿಕ್ಕಿನಾಗ. ಖರೇ ಅಂದ್ರ ಅಂವನ ಮೈ ನೌಕಾದ ನೆಲದ ಮ್ಯಾಲೆ ಬಿದ್ದಿತ್ತು, ಬೆರಳ ಒಂದೂ ಅಲಗಿಲ್ಲ. ಆ ಬೆರಳಿಗೆ ಆ ಕೊಳಲ ಇದ ಮೊದಲನೇ ಸಲ! ಹಂಗಾರ ನುಡಿಸಿದ್ದು ಹ್ಯಾಂಗ?

ಇದನ್ನ ಭಾಳ ದಿನ ಸುಳ್ಳ ಅಂತ ತಿಳಕೊಂಡಿದ್ದೆ. ಈಗ ಹಂಗ ಅನಸೂದಿಲ್ಲ. ಬೆರಳಿನ ಓಟ ಇರೂದು ಬೆರಳಿನಾಗ ಅಲ್ಲ, ಮಿದುಳಿನಾಗ. 1995ರಾಗ ಒಂದು ಪ್ರಯೋಗ ಪ್ರಕಟ ಆತು: ಕೆಲವರಿಗೆ ಪಿಯಾನೋದ ಮುಂದ ಕುಂಡ್ರಿಸಿ, ಬೆರಳ ಅಲಗಿಸದಂಗ ಬರೇ ಮನಸಿನಾಗ ಐದು ದಿನ ಅಭ್ಯಾಸ ಮಾಡಿಸಿದ್ರು. ಬೆರಳ ನಡಸೂ ಮಿದುಳಿನ ಭಾಗ ಅವರೊಳಗೂ ಬದಲಾಗಿತ್ತು.

ಆದ್ರ ತುಟಿದು ಬ್ಯಾರೆ. ಬಾನ್ಸುರಿ ಅಡ್ಡ ಹಿಡದು ಊದೂದು. ಗಾಳಿ ತೂತಿನ ಅಂಚಿಗೆ ಕೂದಲೆಳಿಯಷ್ಟು ಸರಿಯಾಗಿ ಬಡೀಬೇಕು. ನಾ ಮೊದಲನೇ ಹನ್ನೊಂದು ದಿನ ಊದೇ ಊದಿದೆ, ಬರೇ ಗಾಳಿ ಬಂತು. ಹನ್ನೆರಡನೇ ದಿನ ಒಂದ ‘ಸಾ’ ಬಂತು, ಅವ್ವ ಅಡಿಗಿ ಮನ್ಯಾಗಿಂದ ಹೊರಗ ಬಂದು ನಿಂತ್ಲು. ಆ ತುಟಿಯ ಹದ ಸ್ನಾಯುದ್ದು, ಕನಸಿನಾಗ ಬರೂದಲ್ಲ. ರೆಸಿಕ್ಕಿನ ಕೊಳಲ ನೋಡ್ರಿ, ಅದು ನೆಟ್ಟಗ ಹಿಡಿಯೂದು, ಸೀಟಿ ಇದ್ದಂಗ. ಬಾಯಾಗ ಇಟ್ಟು ಊದಿದ್ರ ಕೂಸಿಗೂ ಸ್ವರ ಬರತದ, ಉಳದದ್ದೆಲ್ಲಾ ಬೆರಳಿಂದು. ಅಂದ್ರ ನೆನಪಿನಾಗ ಕಳಸಬೇಕಂದ್ರ ಕಳಸಬಹುದಾದ ವಾದ್ಯ ಅದೊಂದ. ಅವರು ಅದನ್ನ ಆರಿಸ್ಯಾರ. ಬಾನ್ಸುರಿ ಇಟ್ಟಿದ್ರ ಪಿಕಾರ್ಡ್ ಕಿಡಕಿ ಮುಂದ ನಿಂತು ಬರೇ ಗಾಳಿ ಊದತಿದ್ದ.

ಅಡ್ಡಪ್ರಶ್ನೆ ಅವರ, ನೀವು ಕಿತಗೊಂಡ್ರು ಅಂದ್ರಿ. ಬೆರಳಿನಾಗ ಉಳದದ್ದನ್ನ ಯಾರೂ ಕಿತಗೊಳ್ಳಾಕ ಆಗಂಗಿಲ್ರೀ.

ಅಡ್ಡಪ್ರಶ್ನೆ:

ಅಣ್ಣಾ, ಈ ದೃಷ್ಟಿಯಲ್ಲಿ ನಾನು ಯೋಚನೆ ಮಾಡಿರಲಿಲ್ಲ. ಆದರೂ ಕೇಳದೆ ಕೊಟ್ಟದ್ದು ಕೇಳದೆ ಕೊಟ್ಟದ್ದೇ. ಆ ಮಾತಿನಿಂದ ನಾನು ಹಿಂದೆ ಸರಿಯೋದಿಲ್ಲ.

ಶರಾವತಿ ಹಿನ್ನೀರು:

ಸಾಗರದ ಕಡೆಯವನು. ಕಂತನ್ನ ಈ ಚರ್ಚೆ ಓದಿದ ಮೇಲೆ ನಿನ್ನೆ ರಾತ್ರಿ ಮೊದಲ ಸಲ ನೋಡಿದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಮ್ಮಜ್ಜಿಯ ಊರು ನೀರೊಳಗೆ ಹೋಯ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಿರೇಭಾಸ್ಕರದ ಹಳೇ ಅಣೆಕಟ್ಟು ಮೇಲೆ ಕಾಣುತ್ತೆ, ನೋಡೋಕೆ ಜನ ಹೋಗ್ತಾರೆ. ನಮ್ಮೂರು ಹಾಗೆ ಕಾಣೋದಿಲ್ಲ.

ಅಜ್ಜಿಯ ಹಳೇ ಮನೆಯ ಮುಂಬಾಗಿಲು ಪೂರ್ವಕ್ಕಿತ್ತಂತೆ. ಅದಕ್ಕೆ ಮೂಡಬಾಗಿಲು ಅಂತಿದ್ದರು. ಆಮೇಲೆ ಸಾಗರದಲ್ಲಿ ಕಟ್ಟಿದ ಮನೆಯ ಮುಂಬಾಗಿಲು ಪಶ್ಚಿಮಕ್ಕೆ. ಅಜ್ಜಿ ಅದನ್ನೂ ಮೂಡಬಾಗಿಲು ಅಂತಲೇ ಕರೆದರು. ಅಪ್ಪ ಹಾಗೇ ಕರೆದ, ನಾವೂ ಹಾಗೇ ಕರೀತೇವೆ. ಹೋದ ವರ್ಷ ಕರೆಂಟ್ ಕೆಲಸಕ್ಕೆ ಬಂದ ಹುಡುಗನಿಗೆ ‘ಮೂಡಬಾಗಿಲ ಹತ್ರ ಒಂದು ಲೈಟ್ ಹಾಕಪ್ಪ’ ಅಂದೆ. ಅವನು ಪಾಪ, ಸೂರ್ಯ ಹುಟ್ಟೋ ಕಡೆ ನೋಡಿ ಹಿತ್ತಿಲ ಬಾಗಿಲಿಗೆ ಹಾಕಿಬಿಟ್ಟ. ಆವಾಗ ನನಗೆ ಮೊದಲ ಸಲ ಹೊಳೀತು, ನಾವು ಹೇಳೋ ಮೂಡಬಾಗಿಲು ಈ ಮನೇದಲ್ಲ, ನೀರಿನ ಅಡಿಯಲ್ಲಿರೋ ಮನೇದು ಅಂತ. ನಾನು ಅದನ್ನ ಕಣ್ಣಲ್ಲಿ ನೋಡಿಲ್ಲ.

ಅಡ್ಡಪ್ರಶ್ನೆ ಅವರೇ, ನನ್ನನ್ನೂ ಯಾರೂ ಕೇಳಿರಲಿಲ್ಲ.

ತುಂಗೆಯ ದಂಡೆ:

ಹಿನ್ನೀರು ಅವರೇ, ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮಗಳಿಗೂ ಓದಿ ಹೇಳಿದೆ. ಆ ಲೈಟ್ ಅಲ್ಲೇ ಇದೆಯಾ?

ಶರಾವತಿ ಹಿನ್ನೀರು:

ಅಲ್ಲೇ ಇದೆ ಮೇಡಂ. ತೆಗೆಸಲಿಲ್ಲ.

ನಕ್ಷತ್ರದ ಲೆಕ್ಕ:

ನನ್ನ ಹಿಂದಿನ ಮಾತಿಗೆ ನಾನೇ ಒಂದು ತಿದ್ದುಪಡಿ ಹಾಕ್ತೇನೆ. ‘ಇಷ್ಟು ಹಿಂದುಳಿದವರು ಇಂಥ ಶೋಧಕ ಹೇಗೆ ಕಳಿಸಿದರು’ ಅಂದಿದ್ದೆ. ನಾವೂ ಕಳಿಸಿದ್ದೇವೆ, ಅದನ್ನ ಮರೆತೇಬಿಟ್ಟಿದ್ದೆ.

1977ರ ಆಗಸ್ಟ್ 20ಕ್ಕೆ ನಾಸಾದ ಬಾಹ್ಯಾಕಾಶ ನೌಕೆ ವಾಯೇಜರ್ 2, ಸೆಪ್ಟೆಂಬರ್ 5ಕ್ಕೆ ವಾಯೇಜರ್ 1 ಹೊರಟವು. ಒಂದೊಂದರ ಕಂಪ್ಯೂಟರುಗಳ ಮೆಮೊರಿ ಒಟ್ಟು ಸೇರಿಸಿದರೂ 70 ಕಿಲೋಬೈಟ್ ಆಗೋದಿಲ್ಲ. ನಿಮ್ಮ ಫೋನಿನ ಒಂದು ಫೋಟೋ ಅದಕ್ಕಿಂತ ದೊಡ್ಡದು. ಎರಡರಲ್ಲೂ ಚಿನ್ನದ ಲೇಪದ 12 ಅಂಗುಲದ ತಾಮ್ರದ ತಟ್ಟೆ ಇದೆ, ನುಡಿಸೋಕೆ ಮುಳ್ಳೂ ಇಟ್ಟಿದ್ದಾರೆ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ನೇತೃತ್ವದ ತಂಡ ಅದರಲ್ಲಿ ಏನಿರಬೇಕು ಅಂತ ಆರಿಸಿದ್ದು. ಸುಮಾರು 90 ನಿಮಿಷ ಸಂಗೀತ, ನೂರಕ್ಕೂ ಹೆಚ್ಚು ಚಿತ್ರ, ಮಳೆ ಗುಡುಗಿನ ಸದ್ದು, 55 ಭಾಷೆಗಳಲ್ಲಿ ಶುಭಾಶಯ.

ಆ 55ರಲ್ಲಿ ನಮ್ಮದೂ ಒಂದು. ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.’ ನಾಲ್ಕೇ ಪದ. ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ವಾಯೇಜರ್ 1 ಈಗ ನಕ್ಷತ್ರಗಳ ನಡುವಿನ ಬಯಲಲ್ಲಿದೆ, 2012ರ ಆಗಸ್ಟಿನಲ್ಲೇ ಸೂರ್ಯನ ಗಾಳಿಯ ಗಡಿ ದಾಟಿತು. ಸುಮಾರು 40,000 ವರ್ಷದ ಮೇಲೆ ಗ್ಲೀಸ 445 ಅನ್ನೋ ನಕ್ಷತ್ರದಿಂದ 1.6 ಜ್ಯೋತಿರ್ವರ್ಷದಷ್ಟು ಹತ್ತಿರ ಹಾದುಹೋಗುತ್ತೆ. ಕನ್ನಡ ಅಲ್ಲಿವರೆಗೆ ಹೋಗುತ್ತೆ ಅಂದರೆ ಹೋಗುತ್ತೆ.

ಈ ಕಂತು ಬಂದಾಗ ಆ ತಟ್ಟೆ ಹೊರಟು ಹದಿನೈದು ವರ್ಷವೂ ಆಗಿರಲಿಲ್ಲ.

ರೇಡಿಯೋ ಕಿವಿ:

ಸರ್, ಅದೇ ತಟ್ಟೆಯಲ್ಲಿ ಹಿಂದುಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಇದ್ದಾರೆ! ಭೈರವಿ, ಮೂರೂವರೆ ನಿಮಿಷ. ಗೋವಾದ ಕೇರಿ ಅನ್ನೋ ಹಳ್ಳಿಯಲ್ಲಿ ಹುಟ್ಟಿದವರು. ತೀರಿಕೊಂಡದ್ದು 1977ರ ಸೆಪ್ಟೆಂಬರ್ 16ಕ್ಕೆ. ವಾಯೇಜರ್ 1 ಹೊರಟು ಹನ್ನೊಂದೇ ದಿನಕ್ಕೆ. ಹಾಡಿದವರು ಮಣ್ಣಿಗೆ, ಹಾಡು ಆ ಕಡೆಗೆ.

ತುಂಗೆಯ ದಂಡೆ:

ಈಗ ನನ್ನ ಮಾತು ಇನ್ನೂ ಗಟ್ಟಿಯಾಯಿತು ಅನ್ನಿಸ್ತಿದೆ. ಆ ಕನ್ನಡದ ಶುಭಾಶಯವನ್ನ ನಾನೂ ಈಗ ಹುಡುಕಿ ಕೇಳಿದೆ. ಹೆಮ್ಮೆಯಾಯಿತು, ಕಣ್ಣೂ ತುಂಬಿತು. ಆದರೆ ಅದು ಸಭೆಯಲ್ಲಿ ಆಡೋ ಕನ್ನಡ. ‘ಕನ್ನಡಿಗರ ಪರವಾಗಿ’ ಅಂತ ನಾವು ಮನೆಯೊಳಗೆ ಯಾವತ್ತೂ ಮಾತು ಶುರು ಮಾಡೋದಿಲ್ಲ. ಅಪರಿಚಿತರಿಗೆ ಬಾಗಿಲಲ್ಲಿ ನಿಂತು ಮರ್ಯಾದೆಯಿಂದ ಕೈಮುಗಿದ ಹಾಗೆ ಅದು, ತಪ್ಪೇನಿಲ್ಲ. ಕಟಾನಿನವರು ಬಾಗಿಲು ತೆರೆದು ಒಳಗೆ ಕರೆದರು, ಕೂರಿಸಿದರು, ‘ಚಪ್ಪಲಿ ಎತ್ತಿಡು’ ಅಂತ ಗದರಿದರು. ಗದರೋದು ಮನೆಯವರನ್ನ ಮಾತ್ರ. ಪಿಕಾರ್ಡ್‌ಗೆ ಅವರು ಕೊಟ್ಟ ಜಾಗ ಅದು.

ಅಡ್ಡಪ್ರಶ್ನೆ ಅವರ ಸಿಟ್ಟನ್ನ ನಾನು ತಳ್ಳಿಹಾಕೋದಿಲ್ಲ. ಈ ಸಲ ನೋಡುವಾಗ ಎಲೀನ್ ಕೊರಳಲ್ಲಿರೋ ಪದಕವನ್ನ ಗಮನಿಸಿದೆ, ಅದು ಥೇಟ್ ಶೋಧಕದ ಆಕಾರದಲ್ಲೇ ಇದೆ. ಅವನೂ ಅದನ್ನ ಗುರುತಿಸ್ತಾನೆ, ಏನೋ ನಡೆದಿದೆ ಅಂತ ಅವನಿಗೆ ಗೊತ್ತಿತ್ತು. ಆದರೆ ಗೊತ್ತಿರೋದು ಬೇರೆ, ಒಪ್ಪಿಗೆ ಕೊಡೋದು ಬೇರೆ. ನಿಜ.

ಇನ್ನೊಂದು ಸಂಗತಿ: ಮಗ ಬಟಾಯ್ ಆಗಿ ನಟಿಸಿದ ಹುಡುಗ, ಪಿಕಾರ್ಡ್ ಪಾತ್ರ ಮಾಡಿದ ಪ್ಯಾಟ್ರಿಕ್ ಸ್ಟೂವರ್ಟ್ ಅವರ ಸ್ವಂತ ಮಗ ಡೇನಿಯಲ್. ಓದು ಬಿಟ್ಟು ಸಂಗೀತಕ್ಕೇ ಹೋಗ್ತೀನಿ ಅಂತ ಮಗ ಹೇಳುವಾಗ ಅಪ್ಪ ನೋಡೋ ನೋಟ ಇದೆಯಲ್ಲ, ಅಲ್ಲಿ ನಟನೆ ಎಷ್ಟು, ಅಪ್ಪ ಎಷ್ಟು ಅಂತ ಬಿಡಿಸೋಕೆ ಆಗೋದಿಲ್ಲ.

ಅಡ್ಡಪ್ರಶ್ನೆ:

ಇವತ್ತು ಮತ್ತೆ ನೋಡಿದೆ, ನಿಮ್ಮೆಲ್ಲರ ಮಾತು ತಲೆಯಲ್ಲಿಟ್ಟುಕೊಂಡು. ಕೊನೆಯಲ್ಲಿ ಪಿಕಾರ್ಡ್ ಕೈಕೆಳಗಿನ ಅಧಿಕಾರಿ ರೈಕರ್ ಆ ಪೆಟ್ಟಿಗೆ ತಂದು ಕೊಡ್ತಾನೆ. ಶೋಧಕದ ಒಳಗೆ ಸಿಕ್ಕಿತು ಅಂತ ಹೇಳಿ ಹೊರಟುಹೋಗ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತೆ. ಅಷ್ಟು ದೊಡ್ಡ ನೌಕೆಯಲ್ಲಿ ‘ಏನಾಯ್ತು, ಎಲ್ಲಿಗೆ ಹೋಗಿದ್ದೆ, ಯಾರಿದ್ದರು ಅಲ್ಲಿ’ ಅಂತ ಕೂತು ಕೇಳೋರು ಒಬ್ಬರೂ ಕಾಣೋದಿಲ್ಲ. ‘ನಮ್ಮ ಬಗ್ಗೆ ಅವರಿಗೆ ಹೇಳು’ ಅಂತ ಎಲೀನ್ ಬೇಡಿಕೊಂಡಿದ್ದಳಲ್ಲ. ಯಾರಿಗೆ ಹೇಳೋದು? ನನ್ನ ಸಿಟ್ಟು ಕಟಾನಿನವರ ಮೇಲಿತ್ತು. ಈಗ ಅರ್ಧ ನೌಕೆಯವರ ಮೇಲೆ ಹೋಗಿದೆ.

ತುಂಗೆಯ ದಂಡೆ:

ಹೇಳ್ತಾನೆ. ಒಬ್ಬರಿಗೆ. ಹೆಚ್ಚುಕಡಿಮೆ ಒಂದು ವರ್ಷ ಆದ ಮೇಲೆ, ಆರನೇ ಸೀಸನ್ನಿನ ‘ಲೆಸನ್ಸ್’ ಅನ್ನೋ ಕಂತಿನಲ್ಲಿ, 1993ರ ಏಪ್ರಿಲ್‌ನದು. ನಕ್ಷತ್ರಗಳ ನಕ್ಷೆ ಮಾಡೋ ವಿಭಾಗಕ್ಕೆ ನೆಲ್ಲಾ ಡ್ಯಾರನ್ ಅಂತ ಹೊಸ ಮುಖ್ಯಸ್ಥೆ ಬರ್ತಾಳೆ, ಪಿಯಾನೋ ನುಡಿಸೋವಳು. ಇಡೀ ನೌಕೆಯಲ್ಲಿ ನಾದ ಚೆನ್ನಾಗಿ ಕೂಡೋ ಜಾಗ ಯಾವುದು ಅಂತ ಹುಡುಕಿಟ್ಟಿರ್ತಾಳೆ. ಯಂತ್ರ ರಿಪೇರಿಗೆ ತೆವಳಿಕೊಂಡು ಹೋಗೋ ಕೊಳವೆಗಳು ಇರ್ತಾವಲ್ಲ, ಅದರಲ್ಲಿ 25ನೇ ಕೊಳವೆಯ ನಾಲ್ಕನೇ ಕೂಡುವ ಜಾಗ. ಇಬ್ಬರೂ ಅಲ್ಲಿ ಹೋಗಿ ಕೂತು ಕಟಾನಿನ ಆ ಧಾಟಿಯನ್ನ ನುಡಿಸ್ತಾರೆ. ಆ ಕೊಳಲು ಎಲ್ಲಿಂದ ಬಂತು ಅಂತ ಆಮೇಲೆ ಅವಳಿಗೆ ಬಿಡಿಸಿ ಹೇಳ್ತಾನೆ. ಅವಳು ಕೇಳಿಸಿಕೊಳ್ತಾಳೆ. ಇದನ್ನ ನೋಡಿ, ನಿಮ್ಮ ಉಳಿದ ಅರ್ಧ ಸಿಟ್ಟಿನ ಬಗ್ಗೆ ಆಮೇಲೆ ಮಾತಾಡೋಣ.

ಆರು ತೂತಿನ ಕೊಳಲು:

ಅಕ್ಕಾರ, ಆ ಕೊಳವಿ ಮಾತು ಖರೇ ಐತ್ರಿ. ನಾ ಕಲಿಯೂ ಹೊತ್ತಿನಾಗ ನಮ್ಮ ಗುರುಗಳ ಮನ್ಯಾಗ ಬ್ಯಾಸಿಗಿಗೆ ಸಂಪ್ ಖಾಲಿ ಮಾಡಿ ತೊಳೀತಿದ್ರು. ತೊಳಿಯೂದು ನನ್ನ ಪಾಳಿ. ಕೆಲಸ ಮುಗದ ಮ್ಯಾಲೆ ಮ್ಯಾಲೆ ಬರ್ತಿದ್ದಿಲ್ಲ, ಒಳಗ ಕುಂತು ಕೊಳಲ ತಗದು ಒಂದ ‘ಪಾ’ ಹಿಡೀತಿದ್ದೆ. ನಾಕೂ ಗ್ವಾಡಿಯಿಂದ ತಿರಗಿ ಬರತಿತ್ತು. ಗುರುಗಳು ಮ್ಯಾಲಿಂದ ಮುಚ್ಚಳಾ ಸರಿಸಿ ಬಗ್ಗಿ ನೋಡಿ, ಏನೂ ಅನ್ನದ ಅಲ್ಲೇ ಕುಂಡ್ರತಿದ್ರು.